ಕಾಣದ ಮೂರನೆಯ ಹೊಳೆ

ಮಾದಾಪುರ
೧೪-೬-೧೯೬೧

ಚನ್ನಮಲ್ಲಪ್ಪನಿಗೆ,

ಕಾಗದ ಬರೆಯುವುದು ನನ್ನಿಂದ ಆಗುವ ಕೆಲಸವಲ್ಲ. ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ಹೇರೆತ್ತಿನ ಹಿಂದೆ ಹೋದವನು ನಾನು. ಕಿತ್ತಳೆ ವ್ಯಾಪಾರಕ್ಕೆ ಬೇಕಾದಷ್ಟು ಅಕ್ಷರ ಇದೆ, ಅದಕ್ಕಿಂತ ಹೆಚ್ಚು ಬೇಕೆಂದು ಯಾವತ್ತೂ ಅನ್ನಿಸಲಿಲ್ಲ. ನಿನ್ನ ಅವ್ವ ಬೆಳಗಿನಿಂದ ಊಟ ಬಿಟ್ಟು ಕೂತಿದ್ದಾಳೆ. ನಾನು ಬರೆಯುವ ತನಕ ತಿನ್ನುವುದಿಲ್ಲವಂತೆ. ಅದಕ್ಕೆ ಬರೆಯುತ್ತಿದ್ದೇನೆ. ನಾನಾಗಿ ಬರೆದೆ ಎಂದು ತಿಳಿಯಬೇಡ.

ಅವಳಿಗೆ ಹೋದ ತಿಂಗಳು ಲಕ್ವ ಹೊಡೆಯಿತು. ಎಡಗೈ ಎಡಗಾಲು ಬಿದ್ದಿವೆ. ಬಾಯಿ ಸೊಟ್ಟಗಾಗಿ ಅವಳ ಮಾತು ನನ್ನೊಬ್ಬನಿಗೆ ಬಿಟ್ಟರೆ ಬೇರೆಯವರಿಗೆ ತಿಳಿಯುವುದಿಲ್ಲ. ಮಡಿಕೇರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಇನ್ನೊಂದು ಸಲ ಹೊಡೆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಅವಳ ಎದುರಿಗೇ ಹೇಳಿದರು.

ಈಗ ಅವಳ ಗೋಳು ಕೈಕಾಲಿನದಲ್ಲ. ಮೂರು ವರ್ಷದ ಹಿಂದೆ ನೀನು ಕಿರಿಸ್ತಾನನಾಗಿ ಶಿವದಾರ ಬಿಚ್ಚಿ ನಿನ್ನ ಇಷ್ಟಲಿಂಗವನ್ನು ಅವಳ ಮಡಿಲಿಗೆ ಹಾಕಿ ಹೋದೆಯಲ್ಲ, ಅದನ್ನು ಗೋಡೆಯ ಗೂಡಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾಳೆ. ಕೊರಳಿನ ಕರಡಿಗೆಯಿಂದ ತನ್ನ ಲಿಂಗ ತೆಗೆದು ಪೂಜೆ ಮಾಡುತ್ತಾಳೆ, ಆಮೇಲೆ ಗೂಡಿನಿಂದ ನಿನ್ನದನ್ನು ತರಿಸಿ ಅದಕ್ಕೂ ವಿಭೂತಿ, ಪತ್ರೆ. ಎರಡೂ ಮುಗಿಯದೆ ಬಾಯಿಗೆ ನೀರು ಹಾಕುವುದಿಲ್ಲ. ಲಿಂಗವನ್ನು ಉಪವಾಸ ಕೆಡವಬಾರದಂತೆ. ಈಗ ಎಡ ಅಂಗೈ ನಿಲ್ಲುವುದಿಲ್ಲವಾದ್ದರಿಂದ ಅಡಿಯಿಂದ ನಾನು ಅವಳ ಕೈ ಎತ್ತಿ ಹಿಡಿಯಬೇಕು. ಇನ್ನೊಬ್ಬರ ಲಿಂಗ ನೋಡುವುದು ನಮ್ಮಲ್ಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಹಿಡಿದಿರುತ್ತೇನೆ. ಅಂಗಡಿ ಬಾಗಿಲು ತೆಗೆಯುವಾಗ ಮೊದಲ ಬಸ್ಸು ಹೋಗಿ ಆಗಿರುತ್ತದೆ.

‘ನಾನು ಹೋದ ಮೇಲೆ ಅವನ ಲಿಂಗಕ್ಕೆ ಯಾರು? ಬತ್ತಾನಾ ಇಲ್ವಾ, ಅಷ್ಟು ಕೇಳಿ’ ಅನ್ನುತ್ತಾಳೆ. ಕೇಳಿದ್ದೇನೆ. ಅವತ್ತು ನಾನು ಹೇಳಿದ್ದು ಇವತ್ತೂ ಅದೇ. ಕೊರಳಿಗೆ ಲಿಂಗ ಕಟ್ಟಿಕೊಂಡರೆ ಒಳಗೆ ಬಾ. ಇಲ್ಲದಿದ್ದರೆ ಹೊಸ್ತಿಲು ದಾಟಬೇಡ.

ಇನ್ನೊಂದು ಮಾತು. ಯುಗಾದಿಗೆ ನೀನು ಕಳಿಸಿದ ಕಪ್ಪು ರಟ್ಟಿನ ಸತ್ಯವೇದವನ್ನು ಒಲೆಗೆ ಹಾಕಲು ಹೊರಟೆ. ಮಗ ಮುಟ್ಟಿದ ಪುಸ್ತಕ ಎಂದು ಅವಳು ಬಿಡಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಓದಲು ಹಿಡಿದಿದ್ದೇನೆ. ನಂಬಲಿಕ್ಕಲ್ಲ, ನೀನು ಎಲ್ಲಿ ಕಾಲು ಜಾರಿದೆ ಎಂದು ನೋಡಲಿಕ್ಕೆ. ಹಿಂದೆ ನಿನ್ನ ಜೊತೆ ಬಂದಿದ್ದ ಆ ಉಪದೇಶಿ ನಮ್ಮ ಬೆಂಚಿನ ಮೇಲೆ ಕೂತು, ತಂದೆ, ಮಗ, ಪವಿತ್ರಾತ್ಮ ಎಂದು ಮೂವರು, ಆದರೆ ದೇವರು ಒಬ್ಬನೇ ಎಂದ. ಗುರು, ಲಿಂಗ, ಜಂಗಮ ಮೂರೂ ಒಂದೇ ಎಂದು ನಾನು ಹೇಳಿದ್ದಕ್ಕೆ ನೀನು ಕಿಸಕ್ಕನೆ ನಕ್ಕೆ. ನಿಮ್ಮ ಮೂರು ಒಂದಾಗಬಹುದು, ನಮ್ಮದು ಆಗಬಾರದೋ? ಅದು ಈ ಪುಸ್ತಕದ ಯಾವ ಹಾಳೆಯಲ್ಲಿ ಬರೆದಿದೆ, ತೋರಿಸು. ಬರೆದಿಲ್ಲ ಎಂದಾದರೆ ನೀನು ದಾರ ಬಿಚ್ಚಿದ್ದು ಯಾರ ಮಾತು ಕೇಳಿ?

ಆಶೀರ್ವಾದ ಬರೆ ಎಂದು ಅವಳು ಅಲ್ಲಿಂದಲೇ ಹೇಳುತ್ತಿದ್ದಾಳೆ. ಅದು ಅವಳದ್ದು.

ಕರಿಬಸಪ್ಪ


ನೆಲ್ಯಹುದಿಕೇರಿ
೨೬-೬-೧೯೬೧

ತೀರ್ಥರೂಪರಾದ ಅಪ್ಪನವರಿಗೆ,

ನಿಮ್ಮ ಅಕ್ಷರ ನೋಡಿ ಕಾಗದವನ್ನು ಒಡೆಯಲು ಭಯವಾಯಿತು. ಅವ್ವನ ಸುದ್ದಿ ಓದಿ ಅವತ್ತು ಮಕ್ಕಳಿಗೆ ಪಾಠ ಮಾಡಲಾಗಲಿಲ್ಲ. ಎಡಗೈಗೆ ಬೆಚ್ಚಗಿನ ಎಣ್ಣೆ ಹಚ್ಚಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತಿಕ್ಕಬೇಕು. ನಾನು ಜ್ವರದಲ್ಲಿ ಇಲ್ಲಿನ ದವಾಖಾನೆಯಲ್ಲಿ ಬಿದ್ದಿದ್ದಾಗ ಪಕ್ಕದ ಹಾಸಿಗೆಯವರಿಗೆ ಹಾಗೆ ಮಾಡುವುದನ್ನು ನೋಡಿದ್ದೆ.

ನೀವು ಕೇಳಿದ್ದಕ್ಕೆ ಇದ್ದುದನ್ನು ಇದ್ದ ಹಾಗೆ ಹೇಳುತ್ತೇನೆ. ತ್ರಿಯೇಕ ಎನ್ನುವ ಮಾತು ಆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಅದು ಆಮೇಲಿನವರು ಇಟ್ಟ ಹೆಸರು. ಆದರೆ ಹೆಸರಿಟ್ಟ ವಸ್ತು ಅಲ್ಲಿದೆ. ಹಳೆಯ ಭಾಗದಲ್ಲಿ, ನಿಮ್ಮ ದೇವರು ಒಬ್ಬನೇ, ಅವನಲ್ಲದೆ ಬೇರೆ ಇಲ್ಲ ಎಂದು ಮೋಶೆ ಜನಕ್ಕೆ ಹೇಳುತ್ತಾನೆ. ಹೊಸ ಭಾಗಕ್ಕೆ ಬಂದರೆ ಮತ್ತಾಯ ಬರೆದ ಮೂರನೆಯ ಅಧ್ಯಾಯದ ಕೊನೆ ನೋಡಿ. ಯೇಸು ಯೊರ್ದಾನ್ ಹೊಳೆಯಲ್ಲಿ ಮುಳುಗಿ ಏಳುತ್ತಾನೆ. ಮೇಲಿನಿಂದ ಆತ್ಮ ಪಾರಿವಾಳದಂತೆ ಇಳಿಯುತ್ತದೆ. ಇವನು ನನ್ನ ಪ್ರೀತಿಯ ಮಗ ಎಂದು ಆಕಾಶದಿಂದ ತಂದೆಯ ದನಿ ಬರುತ್ತದೆ. ಒಬ್ಬನೇ ಮೂರು ವೇಷ ಹಾಕಿದ್ದಾದರೆ ಒಂದೇ ಗಳಿಗೆಯಲ್ಲಿ ನೀರಿನಲ್ಲಿ, ಗಾಳಿಯಲ್ಲಿ, ಆಕಾಶದಲ್ಲಿ ಹೇಗಿದ್ದಾನು? ಅದೇ ಮತ್ತಾಯನ ಕಡೆಯ ಪುಟದಲ್ಲಿ ಮೂವರನ್ನೂ ಸೇರಿಸಿ ಒಂದೇ ಹೆಸರಿನಲ್ಲಿ ದೀಕ್ಷೆ ಕೊಡಿ ಎಂದಿದೆ. ಒಬ್ಬನೇ ಎನ್ನುವುದನ್ನೂ ಬಿಡಲಾರದೆ, ಮೂವರನ್ನೂ ಬಿಡಲಾರದೆ, ಎರಡನ್ನೂ ಕೈಯಲ್ಲಿ ಹಿಡಿದುಕೊಂಡೇ ನಿಂತವರ ಮಾತು ಅದು. ನನಗೆ ತಿಳಿದದ್ದು ಇಷ್ಟು.

ನಿಮ್ಮ ಮಾತಿಗೆ ನಗಬಾರದಿತ್ತು.

ಆದರೆ ಲಿಂಗ ಕಟ್ಟಿಕೊಂಡು ಬರಲಾರೆ ಅಪ್ಪ. ಅದರ ಮೇಲೆ ನನಗೆ ಕೋಪವಿಲ್ಲ. ಕೊಟ್ಟ ಮಾತು ಬೇರೆ ಕಡೆ ಇರುವಾಗ ನಿಮ್ಮ ಹೊಸ್ತಿಲು ದಾಟುವುದಕ್ಕೆಂದು ಕಟ್ಟಿಕೊಂಡು, ತಿರುಗಿ ಹೋಗುವ ಬಸ್ಸಿನಲ್ಲಿ ಬಿಚ್ಚಿದರೆ ನಿಮಗೆ ಒಪ್ಪಿಗೆಯಾದೀತೇ? ಅಂಥ ಸುಳ್ಳನ್ನು ನೀವು ನನಗೆ ಕಲಿಸಲಿಲ್ಲ.

ನಾನು ಕೇಳುವುದು ಒಂದೇ. ಬರಿ ಕೊರಳಿನಲ್ಲಿ ಬಂದು ಅವ್ವನನ್ನು ನೋಡಿ ಹೋಗಬಹುದೇ? ಊಟ, ನೀರು ಏನೂ ಬೇಡ. ಒಂದು ಗಂಟೆ ಸಾಕು.

ನಿಮ್ಮ ಮಗ
ಯೋಹಾನ ಚನ್ನಮಲ್ಲಪ್ಪ


ಮಾದಾಪುರ
೧೯-೮-೧೯೬೧

ಚನ್ನಮಲ್ಲಪ್ಪನಿಗೆ,

ನಿನ್ನ ಹೊಸ ಹೆಸರನ್ನು ಅವಳಿಗೆ ಓದಿ ಹೇಳಲಿಲ್ಲ.

ಈ ವರ್ಷದ ಮಳೆ ನೋಡಿದ್ದೀಯಲ್ಲ, ಸಾಯುವವರಿಗೂ ಪುರಸೊತ್ತು ಕೊಡದ ಮಳೆ. ಸೇತುವೆ ಮೇಲೆ ನೀರು ಹತ್ತಿ ಬಸ್ಸು ಬರಲಿಲ್ಲ, ಟಪಾಲೂ ಇಲ್ಲ. ಕಿತ್ತಳೆ ಗಿಡಗಳು ಎಲೆ ಹಳದಿಯಾಗಿ ತುದಿಯಿಂದ ಒಣಗುತ್ತಿವೆ. ಎಲ್ಲ ತೋಟದಲ್ಲೂ ಇದೇ ಕತೆ. ಯಾವ ರೋಗ ಎಂದು ಯಾರಿಗೂ ತಿಳಿಯುತ್ತಿಲ್ಲ, ಎಲ್ಲರೂ ಔಷಧಿ ಹೇಳುತ್ತಾರೆ.

ಎಣ್ಣೆ ತಿಕ್ಕುತ್ತಿದ್ದೇನೆ. ಬೆರಳು ಬಿಡಿಸಿದರೆ ಬಿಡಿಸಿಕೊಳ್ಳುತ್ತವೆ, ಬಿಟ್ಟರೆ ಮತ್ತೆ ಮಡಚಿಕೊಳ್ಳುತ್ತವೆ.

ಅಂಗಡಿಯಲ್ಲಿ ನಿನ್ನ ಪುಸ್ತಕ ಹಿಡಿದು ಕೂತಿದ್ದಾಗ ಮೇಲಿನ ತೋಟದ ದೇರಪ್ಪ ಮಳೆಗೆ ಹೊದ್ದ ಗೊರಬೆ ಒದರುತ್ತ ಬಂದ.

‘ಎಂತ ಸಾಹುಕಾರ್ರೆ, ಪಾದ್ರಿ ಆಗುವ ಅಂದಾಜಾ?’

‘ಮಗನ ತಪ್ಪು ಹುಡುಕ್ತಾ ಇದೀನಿ ಕಣಯ್ಯ.’

‘ಅದಕ್ಕೆ ಇಷ್ಟು ದಪ್ಪ ಪುಸ್ತಕ ಎಂತಕ್ಕೆ? ನನ್ನ ಮಗಂದು ಪುಸ್ತಕ ಇಲ್ಲದೇ ನಂಗೆ ಗೊತ್ತುಟ್ಟು.’

ಯೊರ್ದಾನ್ ಹೊಳೆಯ ವಿಚಾರ ಅವನಿಗೆ ಓದಿದೆ. ಮೂರು ಹೇಗೆ ಒಂದಾಗುತ್ತದೆ ಹೇಳು ನೋಡೋಣ ಎಂದೆ. ಅವನು ಬೀಡಿ ಹಚ್ಚಿ, ‘ಇದೆಂತ ದೊಡ್ಡ ವಿಚಾರ. ಭಾಗಮಂಡಲಲಿ ಮೂರು ಹೊಳೆ ಸೇರುವುದಿಲ್ವಾ? ಕಣ್ಣಿಗೆ ಕಾಣುವುದು ಕಾವೇರಿ, ಕನ್ನಿಕೆ ಎರಡೇ. ಮೂರನೆಯದು ಸುಜ್ಯೋತಿ, ನೆಲದಡಿಲಿ ಬರುದು, ಯಾರೂ ಕಂಡವರಿಲ್ಲ. ಕೆಳಗೆ ಇಳಿದ ಮೇಲೆ ಕಾವೇರಿ ಒಂದೇ. ಅಲ್ಲಿ ಕೈಮುಗಿದು ಮುಳುಗುವವರಿಗೆ ನಿಮ್ಮ ಮಗಂದು ಮಾತ್ರ ಗಂಟಲಲ್ಲಿ ಇಳಿಯುದಿಲ್ಲವಾ?’ ಎಂದ. ಹೊಳೆಯಲ್ಲಿ ಮುಳುಗುವವರು ನೀವು, ನಾವಲ್ಲ ಎಂದು ಎದ್ದು ಕಳಿಸಿದೆ. ಎಲೆಅಡಿಕೆ ಹಾಕಿಕೊಂಡೇ ಹೋದ.

ಒಳಗೆ ಹೋಗಿ ಅವಳಿಗೆ ಹೇಳಿದೆ. ಅವಳು ಕೇಳಿದಳು, ‘ಆ ಮೂರನೆಯವರು ಯಾರಂತೆ?’

‘ಆತ್ಮವಂತೆ. ಮುಖ ಇಲ್ಲ, ಮಾತೂ ಜಾಸ್ತಿ ಇಲ್ಲ. ಅಪ್ಪ ಮಗನ ವಿಚಾರವೇ ಪುಸ್ತಕ ತುಂಬ, ಇದು ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತೆ.’

‘ಇರಬೇಕಲ್ಲ ಒಬ್ಬರು, ಇಬ್ಬರ ಮಧ್ಯೆ ಓಡಾಡಾಕೆ’ ಅಂದಳು. ಸೊಟ್ಟ ಬಾಯಿಯಲ್ಲಿ ನಕ್ಕರೆ ಅದು ನಗುವೋ ಅಳುವೋ ತಿಳಿಯುವುದಿಲ್ಲ. ಆಮೇಲೆ ನನ್ನ ಕೈಯನ್ನು ಬಯ್ಯುವುದಕ್ಕೆ ಶುರು ಮಾಡಿದಳು. ಅವಳ ಲಿಂಗದ ಮೇಲಿನ ಕಪ್ಪು ಕಂತಿಯ ಲೇಪ ಬಿರುಕು ಬಿಟ್ಟಾಗ ಹೊಸದಾಗಿ ಮೆತ್ತಿಕೊಟ್ಟವನು ನಾನೇ. ಒಣಗುವ ಮೊದಲೇ ಹಿಡಿದು ಅಂಚಿನಲ್ಲಿ ಹೆಬ್ಬೆರಳಿನ ಕುಳಿ ಬಿತ್ತು. ನೀನು ಹುಟ್ಟುವುದಕ್ಕೆ ಮುಂಚಿನ ಮಾತು. ‘ದೇವರಿಗೂ ಹೆಬ್ಬೆಟ್ಟು ಒತ್ತಿದ ಕೈ, ಅದು ಹಿಡಿದಿದ್ದು ನಾನು ಸಾಯೋ ತನಕ ಬಿಡಾಕಿಲ್ಲ’ ಎನ್ನುತ್ತಾಳೆ.

ಈಗ ಸರಿಯಾಗಿ ಕೇಳು. ನಿನ್ನ ಪುಸ್ತಕದಲ್ಲಿ ನಾನು ಒಂದು ಸಂದಿ ಕಂಡುಹಿಡಿದಿದ್ದೇನೆ. ಮಾರ್ಕ ಎನ್ನುವವನು ಬರೆದ ಹದಿಮೂರನೆಯ ಅಧ್ಯಾಯ. ಲೋಕ ಮುಗಿಯುವ ದಿನ ಯಾವುದು ಎಂದು ದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಎಂದು ಮಗನೇ ಹೇಳುತ್ತಾನೆ. ನಿನಗೆ ಹೆಸರು ಕೊಟ್ಟ ಆ ಯೋಹಾನನ ಪುಸ್ತಕದಲ್ಲಿ, ಹದಿನಾಲ್ಕನೆಯ ಅಧ್ಯಾಯ, ತಂದೆ ನನಗಿಂತ ದೊಡ್ಡವನು ಎನ್ನುತ್ತಾನೆ. ಅಪ್ಪನಿಗೆ ಗೊತ್ತಿರುವುದು ಮಗನಿಗೆ ಗೊತ್ತಿಲ್ಲ. ಅಪ್ಪ ದೊಡ್ಡವನು, ಮಗ ಸಣ್ಣವನು. ಇದು ಎಲ್ಲ ಮನೆಯಲ್ಲೂ ಇರುವ ಹಾಗೇ ಇದೆ. ಒಂದೇ ಆಗುವುದು ಹೇಗೆ? ನಿಮ್ಮವರು ಆಮೇಲೆ ಹೊಲಿದು ಸೇರಿಸಿದ್ದಾರೆ. ಹೊಲಿಗೆ ಬಿಚ್ಚುತ್ತಿದೆ. ಆ ಸಂದಿಯಲ್ಲಿ ನುಸುಳಿ ಹೊರಗೆ ಬಾ. ನಾಚಿಕೊಳ್ಳಬೇಡ, ಯಾರೂ ಏನೂ ಕೇಳುವುದಿಲ್ಲ. ಮಠದ ಅಯ್ಯನವರ ಹತ್ತಿರ ಮಾತಾಡಿದ್ದೇನೆ. ನೀನು ಬಂದರೆ ಅದೇ ಲಿಂಗವನ್ನು ಮತ್ತೆ ಕಟ್ಟುತ್ತಾರೆ.

ಅವಳ ಕೈ ಹೆಚ್ಚು ದಿನ ಹಿಡಿಯಲಾರೆ. ನನ್ನದೂ ನಡುಗುತ್ತದೆ.

ಕರಿಬಸಪ್ಪ


ನೆಲ್ಯಹುದಿಕೇರಿ
೨೭-೯-೧೯೬೧

ಅಪ್ಪನವರಿಗೆ,

ನೀವು ತೋರಿಸಿದ ಎರಡು ಜಾಗಗಳನ್ನೂ ನಾನು ಮೊದಲೇ ಬಲ್ಲೆ. ಅವು ಇಲ್ಲ ಎಂದು ಯಾರೂ ಹೇಳಲಿಲ್ಲ, ಹೊಲಿದೂ ಮುಚ್ಚಲಿಲ್ಲ. ಮುಚ್ಚಬೇಕೆಂದಿದ್ದರೆ ಆ ಸಾಲುಗಳನ್ನು ಪುಸ್ತಕದಲ್ಲಿ ಉಳಿಸುತ್ತಲೇ ಇರಲಿಲ್ಲ. ಮಗ ಮನುಷ್ಯನಾಗಿ ಇಳಿದು ಬಂದಾಗ ಮನುಷ್ಯನಿಗೆ ಇರುವ ಅರಿವಿಲ್ಲದಿರುವಿಕೆಯನ್ನೂ ಹೊತ್ತುಕೊಂಡ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅದೇ ಯೋಹಾನನ ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ ನೋಡಿ. ತಂದೆಯನ್ನು ತೋರಿಸು ಎಂದು ಒಬ್ಬ ಶಿಷ್ಯ ಕೇಳಿದಾಗ, ನನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆ, ನಾನು ಅವನೊಳಗೆ, ಅವನು ನನ್ನೊಳಗೆ ಎನ್ನುತ್ತಾನೆ. ದೊಡ್ಡವನೂ ಹೌದು, ಒಂದೂ ಹೌದು. ದೇರಪ್ಪಣ್ಣನ ಹೊಳೆಯ ಮಾತು ಚೆನ್ನಾಗಿದೆ, ಆದರೆ ಅಲ್ಲಿ ಸೇರಿದ ಮೇಲೆ ಕನ್ನಿಕೆ ಇಲ್ಲ, ಸುಜ್ಯೋತಿ ಇಲ್ಲ. ಇಲ್ಲಿ ಒಬ್ಬರಲ್ಲಿ ಒಬ್ಬರು ಸೇರಿಯೂ ಯಾರೂ ಇಲ್ಲವಾಗುವುದಿಲ್ಲ. ನಾನು ಮಕ್ಕಳಿಗೆ ಲೆಕ್ಕ ಹೇಳಿಕೊಡುವವನು. ಇದು ಲೆಕ್ಕವಲ್ಲ ಎಂದು ಮಾತ್ರ ಹೇಳಬಲ್ಲೆ. ಏನು ಎಂದು ಹೇಳಲು ಹೋದರೆ ನನ್ನ ನಾಲಿಗೆಯೂ ಸೊಟ್ಟಗಾಗುತ್ತದೆ.

ನಾನು ಕೇಳಿದ್ದಕ್ಕೆ ನೀವು ಏನೂ ಬರೆಯಲಿಲ್ಲ. ಬರೆಯದಿದ್ದರೂ ಹೊರಟು ಬಂದೆ.

ಹೋದ ಶನಿವಾರ ಮಡಿಕೇರಿಯಲ್ಲಿ ಬಸ್ಸು ಬದಲಾಯಿಸಿ ಮಾದಾಪುರಕ್ಕೆ ಬಂದು ಅಂಗಡಿಯ ಎದುರಿನ ಹಲಸಿನ ಮರದ ಅಡಿಯಲ್ಲಿ ಇಳಿದೆ. ಅವ್ವನಿಗೆ ಎಂದು ಒಂದು ಉಣ್ಣೆಯ ಶಾಲು ತಂದಿದ್ದೆ. ನೀವು ಗಲ್ಲೆಯ ಹಿಂದೆ ಕೂತಿದ್ದಿರಿ. ತಲೆ ಎತ್ತಿ ನೋಡಿದಿರಿ. ನಾನೂ ನೋಡಿದೆ. ನೀವು ಎದ್ದು ಒಳಗೆ ಹೋದಿರಿ.

ಡ್ರೈವರು ಹಾರನ್ನು ಹೊಡೆಯುತ್ತಿದ್ದ. ಸೋಮವಾರಪೇಟೆಗೆ ಹೋಗುವ ಅದೇ ಬಸ್ಸು ಹತ್ತಿದೆ. ಅಲ್ಲಿ ನನಗೆ ಯಾರೂ ಇಲ್ಲ. ಸಂಜೆಯ ತನಕ ಸ್ಟ್ಯಾಂಡಿನಲ್ಲಿ ಕೂತಿದ್ದು ತಿರುಗಿ ಬಂದೆ.

ಶಾಲನ್ನು ಪಾರ್ಸಲ್ ಮಾಡಿದ್ದೇನೆ. ಯಾರದ್ದೆಂದು ಹೇಳದೆ ಹೊದಿಸಿ.

ಯೋಹಾನ ಚನ್ನಮಲ್ಲಪ್ಪ


ಮಾದಾಪುರ
೯-೧೧-೧೯೬೧

ಚನ್ನಮಲ್ಲಪ್ಪನಿಗೆ,

ನಿನ್ನ ಅವ್ವ ಶಿವಮ್ಮ ಸೋಮವಾರ ಲಿಂಗೈಕ್ಯಳಾದಳು. ಬೆಳಗಿನ ಎರಡು ಪೂಜೆಯೂ ಮುಗಿದಿತ್ತು. ಗಂಜಿ ಕೊಡುವಾಗ ಕತ್ತು ವಾಲಿತು. ಮಂಗಳವಾರ ಕೆಳಗಿನ ಹಿತ್ತಲಿನಲ್ಲಿ ಗುಣಿ ತೋಡಿ ಕೂರಿಸಿದೆವು. ಅಯ್ಯನವರು ಕರಡಿಗೆಯಿಂದ ಲಿಂಗ ತೆಗೆದು ಅವಳ ಎಡ ಅಂಗೈಯಲ್ಲಿ ಇಟ್ಟರು. ಬೆರಳು ತಾವೇ ಮಡಚಿಕೊಂಡವು. ಕಟ್ಟಬೇಕಾಗಲಿಲ್ಲ.

ತಂತಿ ಕೊಡಲಿಲ್ಲ. ಬಂದರೂ ಬರಿ ಕೊರಳಿನವನನ್ನು ಗುಣಿಯ ಹತ್ತಿರ ಬಿಡುವುದಿಲ್ಲ ಎಂದು ನೆಂಟರು ಹೇಳಿದರು. ನಾನೂ ಬೇಡ ಎಂದೆ.

ಶಾಲು ಹೊದಿಸಿದ್ದೆ. ಯಾರದ್ದೆಂದು ಅವಳೇ ಹೇಳಿದಳು.

ಇನ್ನು ಬಂದು ನೋಡುವಂಥದ್ದು ಇಲ್ಲಿ ಏನೂ ಇಲ್ಲ.

ಕರಿಬಸಪ್ಪ


ನೆಲ್ಯಹುದಿಕೇರಿ
೨೦-೧೧-೧೯೬೧

ಅಪ್ಪನವರಿಗೆ,

ನಿಮ್ಮ ಕಾರ್ಡು ಬಂದಾಗ ಅವ್ವ ಮಣ್ಣು ಸೇರಿ ಆರು ದಿನವಾಗಿತ್ತು. ಆ ಮಂಗಳವಾರ ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೊಳೆಯ ದಂಡೆಗೆ ಹೋಗಿದ್ದೆ. ಅವರ ಜೊತೆ ನಗುತ್ತಿದ್ದೆ.

ನೀವು ದೇವರ ವಿಚಾರ ಕೇಳಿದಿರಿ, ನನಗೆ ತಿಳಿದ ಮಟ್ಟಿಗೆ ಬರೆದೆ. ಪುಸ್ತಕದಲ್ಲಿ ಎಲ್ಲಿದೆ ಎಂದಿರಿ, ಪುಟ ಹೇಳಿದೆ. ಸಂದಿ ಇದೆ ಎಂದಿರಿ, ಅದಕ್ಕೂ ಬರೆದೆ. ನಾನು ಕೇಳಿದ್ದು ಒಂದೇ ಒಂದು. ಬರಬಹುದೇ? ಬೇಡ ಎಂದು ಬರೆದಿದ್ದರೂ ಸಾಕಿತ್ತು.

ನನ್ನ ಲಿಂಗ ಗೂಡಿನಲ್ಲಿ ಇರಬೇಕು. ಅದನ್ನು ಏನು ಮಾಡಬೇಕೆಂದು ನೀವೇ ನೋಡಿ. ನನ್ನನ್ನು ಕೇಳಬೇಡಿ. ಅದಕ್ಕಾಗಿ ಅವ್ವ ಹಸಿದು ಕೂತದ್ದು ಸಾಕು.

ಇನ್ನು ನಾನು ಬರೆಯುವುದಿಲ್ಲ.

ಚನ್ನಮಲ್ಲಪ್ಪ


ಮಾದಾಪುರ
೧೨-೨-೧೯೬೨

ಚನ್ನಮಲ್ಲಪ್ಪನಿಗೆ,

ಈ ಸಲ ಬರೆ ಎಂದು ಪೀಡಿಸುವವರು ಮನೆಯಲ್ಲಿ ಯಾರೂ ಇಲ್ಲ. ಆದರೂ ಬರೆಯಬೇಕಾಗಿ ಬಂತು. ಅದು ಇನ್ನೂ ಕಷ್ಟ.

ನೀನು ಬರೆಯುವುದಿಲ್ಲ ಎಂದೆ. ಸರಿ. ಓದು.

ಮೊದಲು ಆ ಶನಿವಾರದ್ದು ಹೇಳುತ್ತೇನೆ. ನಿನ್ನನ್ನು ನೋಡಿ ಒಳಗೆ ಹೋದದ್ದು ಹೌದು. ಬಾಗಿಲು ಹಾಕಿಕೊಳ್ಳಲು ಹೋದದ್ದಲ್ಲ. ಗೂಡಿನಲ್ಲಿದ್ದ ಲಿಂಗ ತರಲು ಹೋದೆ. ತಂದು ನಿನ್ನ ಕೈಗೆ ಕೊಡಬೇಕೆಂದಿದ್ದೆನೋ, ಕಟ್ಟಿಕೋ ಎಂದು ಬಯ್ಯಬೇಕೆಂದಿದ್ದೆನೋ, ಕೈಯಲ್ಲಿ ಹಿಡಿದುಕೊಂಡು ಒಳಗೆ ನಡೆ ಎನ್ನಬೇಕೆಂದಿದ್ದೆನೋ, ಈಗ ಏನು ಹೇಳಿದರೂ ಅದು ಸುಳ್ಳು. ಅವಳು ಹಾಸಿಗೆಯಿಂದ ‘ಯಾರು ಬಂದ್ರು?’ ಅಂದಳು. ‘ಬಸ್ಸು’ ಅಂದೆ. ಬಟ್ಟೆಯ ಗಂಟು ಕೈಗೆ ಸಿಗುವುದು ತಡವಾಯಿತು. ಹೊರಗೆ ಬರುವಾಗ ಬಸ್ಸು ತಿರುವಿನಲ್ಲಿತ್ತು. ನೀನು ಅದರೊಳಗೆ ಇದ್ದೀಯೋ ಇಲ್ಲವೋ ಎಂದು ಹಲಸಿನ ಮರದ ಹಿಂದೆಯೂ ನೋಡಿದೆ. ದೇರಪ್ಪ ಬೆಂಚಿನ ಮೇಲಿದ್ದ. ‘ಹೋದ’ ಎಂದ. ಯಾವಾಗಲೂ ಒಂದು ಮಾತು ಜಾಸ್ತಿ ಆಡುವವನು ಅವತ್ತು ಅಷ್ಟೇ ಅಂದ.

ನಿನ್ನ ಕೊನೆಯ ಕಾಗದ ಬಂದ ಮೇಲೆ ನನಗೆ ಸಿಟ್ಟು ಬಂತು. ನೀನು ಕೇಳಬೇಡ ಎಂದೆಯಲ್ಲ, ಹಾಗಾದರೆ ನಾನೂ ಮುಟ್ಟುವುದಿಲ್ಲ ಎಂದು ಗೂಡಿನ ಗಂಟನ್ನು ಹಾಗೇ ಬಿಟ್ಟೆ. ಪೂಜೆ ಇಲ್ಲ, ನೀರಿಲ್ಲ. ನಿನ್ನದಲ್ಲವೇ, ಉಪವಾಸ ಬಿದ್ದಿರಲಿ ಎಂದು. ನನ್ನ ಲಿಂಗಕ್ಕೆ ಪತ್ರೆ ಏರಿಸುವಾಗ ಆ ಕಡೆ ನೋಡುತ್ತಿರಲಿಲ್ಲ.

ಹೋದ ವಾರ ಅಷ್ಟಗ್ರಹ ಕೂಡುತ್ತವೆ, ಲೋಕ ಮುಳುಗುತ್ತದೆ ಎಂದು ಇಲ್ಲಿ ದೊಡ್ಡ ಗಲಾಟೆ. ಅಂಗಡಿ ಬಾಗಿಲು ತೆಗೆದವನು ನಾನೊಬ್ಬನೇ. ಎಲ್ಲರೂ ಪೂಜೆ, ಹೋಮ, ಭಜನೆ. ನಿನ್ನ ಮಾರ್ಕ ಬರೆದದ್ದು ನೆನಪಾಯಿತು, ಆ ದಿನ ಯಾವುದೆಂದು ಮಗನಿಗೂ ಗೊತ್ತಿಲ್ಲ ಎಂದು. ಅವನಿಗೆ ಗೊತ್ತಿಲ್ಲದ್ದು ಇವರಿಗೆ ಹೇಗೆ ಗೊತ್ತಾಯಿತು ಎಂದು ನಾಲ್ಕು ಜನರಿಗೆ ಹೇಳಿ ಬೈಸಿಕೊಂಡೆ. ಆದರೂ ಆ ದಿನ, ಮುಳುಗುವುದಾದರೆ ಅವಳು ಅಷ್ಟು ಜೋಪಾನ ಮಾಡಿದ್ದು ಬರಿ ಹೊಟ್ಟೆಯಲ್ಲಿ ಮುಳುಗಬಾರದು ಅನ್ನಿಸಿತು. ಗೂಡಿನಿಂದ ಗಂಟು ತೆಗೆದು ಬಿಚ್ಚಿದೆ.

ಅಂಚಿನಲ್ಲಿ ಹೆಬ್ಬೆರಳಿನ ಕುಳಿ ಇತ್ತು.

ನನ್ನ ಬೆರಳಿಟ್ಟು ನೋಡಿದೆ. ಸರಿಯಾಗಿ ಕೂತಿತು. ಅದು ನಿನ್ನದಲ್ಲ, ಅವಳದ್ದು. ಅವಳ ಕೊರಳಿನ ಕರಡಿಗೆಯಲ್ಲಿ ಇದ್ದದ್ದು ನಿನ್ನದು. ಅಯ್ಯನವರು ತೆಗೆದು ಅವಳ ಅಂಗೈಯಲ್ಲಿಟ್ಟದ್ದು ನಿನ್ನದು. ಮಣ್ಣಿನೊಳಗೆ ಅವಳು ಹಿಡಿದುಕೊಂಡು ಕೂತಿರುವುದು ನಿನ್ನ ಲಿಂಗ.

ಯಾವತ್ತು ಅದಲು ಬದಲಾಯಿತೋ ಗೊತ್ತಿಲ್ಲ. ಎರಡನ್ನೂ ಮಡಿಲಿನಲ್ಲಿಟ್ಟುಕೊಂಡು ಒಂದೇ ಕೈಯಲ್ಲಿ ಕಟ್ಟುತ್ತಿದ್ದಳು. ಕಣ್ಣಿಗೂ ಪೊರೆ ಬಂದಿತ್ತು. ನಾನು ಗೋಡೆ ನೋಡುತ್ತ ಕೂತಿರುತ್ತಿದ್ದೆ, ನೋಡಬಾರದಲ್ಲ. ತಿರುಗುವಾಗ ಒಂದು ಕೊರಳಿಗೆ ಹೋಗಿರುತ್ತಿತ್ತು, ಒಂದು ಗಂಟಿನಲ್ಲಿ ಇರುತ್ತಿತ್ತು. ಪೊರೆಗಣ್ಣಿಗೆ ತಪ್ಪಾಯಿತೋ, ಗೊತ್ತಿದ್ದೇ ಮಾಡಿದಳೋ. ಬೆರಳಿಗೆ ಕುಳಿ ಸಿಗುತ್ತದೆ, ಕಣ್ಣು ಬೇಕಿಲ್ಲ. ನಲವತ್ತು ವರ್ಷ ಅದನ್ನು ಹಿಡಿದು ನನ್ನನ್ನು ಆಡಿಕೊಂಡವಳು ಅವಳು. ಕೇಳೋಣವೆಂದರೆ ಕೂರಿಸಿದ್ದಾಗಿದೆ. ಕೂರಿಸಿದ ಮೇಲೆ ಗುಣಿ ತೆಗೆಯುವ ಕ್ರಮ ಇಲ್ಲ. ಅಯ್ಯನವರ ಹತ್ತಿರ, ಹೀಗೆ ಯಾರದ್ದೋ ಮನೆಯಲ್ಲಿ ಆಯಿತಂತೆ ಎಂದು ಸುತ್ತಿ ಬಳಸಿ ಕೇಳಿದೆ. ‘ಲಿಂಗದಲ್ಲಿ ನಿಂದು ನಂದು ಇದೆಯೇನಪ್ಪ, ಎಲ್ಲ ಒಂದೇ’ ಎಂದರು. ಒಂದೇ ಆದರೆ ಒಬ್ಬೊಬ್ಬರಿಗೆ ಒಂದೊಂದು ಕಟ್ಟುವುದೇಕೆ ಎಂದು ಕೇಳಲಿಲ್ಲ. ಎಲ್ಲರ ಹತ್ತಿರವೂ ಅದೇ ಉತ್ತರ ಇದೆ.

ನನ್ನ ಸಿಟ್ಟಿಗೆ ಎರಡು ತಿಂಗಳಿಗೂ ಹೆಚ್ಚು ಉಪವಾಸ ಬಿದ್ದದ್ದು ಅವಳ ಲಿಂಗ. ಅವಳು ನಿನ್ನದನ್ನು ಒಂದು ದಿನವೂ ಬಿಡಲಿಲ್ಲ.

ಈಗ ನಿನ್ನ ಪುಸ್ತಕ. ಪೂರ್ತಿ ಓದಿದೆ. ಮತ್ತಾಯನ ಕೊನೆಗೆ ಯೇಸುವನ್ನು ಮೊಳೆ ಹೊಡೆದು ಮರಕ್ಕೆ ಏರಿಸಿದ ಮೇಲೆ, ಯಾಕೆ ನನ್ನ ಕೈ ಬಿಟ್ಟೆ ಎಂದು ಅವನು ಕೂಗುತ್ತಾನೆ. ಅಪ್ಪ ಏನು ಹೇಳಿದ ಎಂದು ಹಾಳೆ ತಿರುಗಿಸಿದೆ. ಏನೂ ಹೇಳಲಿಲ್ಲ. ಮಾರ್ಕನಲ್ಲಿ ನೋಡಿದೆ, ಅಲ್ಲಿಯೂ ಇಲ್ಲ. ಹೊಳೆಯಲ್ಲಿ ಮುಳುಗಿ ಎದ್ದಾಗ ಆಕಾಶದಿಂದ ದನಿ ಬಂತು, ಪಾರಿವಾಳ ಬಂತು, ಮೂವರೂ ಒಂದೇ ಗಳಿಗೆಯಲ್ಲಿ ಇದ್ದರು ಎಂದು ನೀನು ಬರೆದೆ. ಇಲ್ಲಿ ದನಿಯೂ ಇಲ್ಲ, ಪಾರಿವಾಳವೂ ಇಲ್ಲ. ಒಬ್ಬನೇ ನೇತಾಡುತ್ತಾನೆ. ಮೂವರೂ ಒಂದೇ ಆಗಿದ್ದರೆ ಅಲ್ಲಿ ಕೈ ಬಿಟ್ಟವನು ಯಾರು? ಬೇರೆ ಬೇರೆ ಆಗಿದ್ದರೆ ಕೈ ಬಿಟ್ಟ ಅಪ್ಪನನ್ನು ದೇವರು ಎನ್ನುವುದು ಹೇಗೆ? ಇದಕ್ಕೆ ನಿಮ್ಮ ಹಿರಿಯರ ಹತ್ತಿರ ಉತ್ತರ ಇರಬಹುದು. ಬರೆಯಬೇಡ. ಆ ಅಪ್ಪನಿಗೆ ಹೇಳುವುದಕ್ಕೆ ಏನಾದರೂ ಇತ್ತು, ಒಳಗೆ ಹೋಗಿ ಏನನ್ನೋ ಹುಡುಕುತ್ತಿದ್ದ, ಬರುವಷ್ಟರಲ್ಲಿ ಮುಗಿದಿತ್ತು ಎಂದು ನನಗೆ ಕಾಣುತ್ತದೆ. ಪುಸ್ತಕದಲ್ಲಿ ಹಾಗೆ ಬರೆದಿಲ್ಲ. ಮೂರನೆಯ ದಿನ ಅವನನ್ನು ಎಬ್ಬಿಸಿದ ಎಂದಿದೆ. ಅದೂ ಓದಿದೆ. ಇಲ್ಲಿ ಹಿತ್ತಲಿನಲ್ಲಿ ಮೂರು ತಿಂಗಳಾಯಿತು, ಗರಿಕೆ ಬಂದಿದೆ.

ನಾನು ಹಾಕಿದ ಷರತ್ತನ್ನು ಅವಳು ಜೊತೆಗೆ ತೆಗೆದುಕೊಂಡು ಹೋದಳು. ನೀನು ಕಟ್ಟಿಕೊಳ್ಳಬೇಕಾದ ಲಿಂಗ ಭೂಮಿಯ ಮೇಲೆ ಇಲ್ಲ. ನಿನ್ನ ಕೊರಳಿನಲ್ಲಿ ಏನಿದೆ ಏನಿಲ್ಲ ಎಂದು ಇನ್ನು ನಾನು ಕೇಳಲಾರೆ. ಉಳಿದಿರುವುದು ಅವಳದ್ದು. ಅದನ್ನು ಪೂಜೆ ಮಾಡು ಎಂದು ನಿನಗೆ ಹೇಳುತ್ತಿಲ್ಲ. ದಿನಾ ಬೆಳಗ್ಗೆ ಎರಡು ಪೂಜೆ ಮಾಡುತ್ತಿದ್ದೇನೆ, ಅಂಗೈ ನಡುಗಿ ನೀರು ಚೆಲ್ಲುತ್ತದೆ. ಅಡಿಯಿಂದ ಹಿಡಿಯುವವರಿಲ್ಲ. ನಾನು ಬಿದ್ದ ದಿನ ನನ್ನದು ನನ್ನ ಕೈಯಲ್ಲಿ ಹೋಗುತ್ತದೆ. ಅವಳದ್ದನ್ನು ಯಾವ ನೆಂಟನ ಕೈಗೂ ಕೊಡುವವನಲ್ಲ ನಾನು. ಅವರು ನಿನ್ನನ್ನು ಬೇಡ ಎಂದರು, ನಾನು ಅವರ ಜೊತೆ ತಲೆಯಾಡಿಸಿದೆ.

ನೀನು ಬಂದು ತೆಗೆದುಕೊಂಡು ಹೋಗಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೂ ಸರಿ. ಅವ್ವನ ವಸ್ತು ಎಂದು ಇಟ್ಟುಕೋ. ಅದಕ್ಕೆ ನಿನ್ನ ದೇವರು ಮೂವರಲ್ಲಿ ಯಾರೂ ಅಡ್ಡ ಬರಲಾರರು. ಬರುವುದಿಲ್ಲ ಎಂದರೆ ಶಿವರಾತ್ರಿಯ ದಿನ ಇಲ್ಲಿನ ಹೊಳೆಗೆ ಬಿಡುತ್ತೇನೆ. ಈ ಹೊಳೆ ಹಾರಂಗಿಗೆ ಬಿದ್ದು ಕೂಡಿಗೆಯಲ್ಲಿ ಕಾವೇರಿ ಸೇರುತ್ತದೆ. ಅಷ್ಟು ಹೊತ್ತಿಗೆ ಕಾವೇರಿ ನಿನ್ನ ಊರು ದಾಟಿ ಬಂದಿರುತ್ತದೆ. ನಿನ್ನ ದಂಡೆಗೆ ಅದು ಬರುವುದಿಲ್ಲ.

ನೀನು ಬರುತ್ತೀಯ ಎಂದು ನಾನು ನಂಬಿಲ್ಲ. ನಿನ್ನ ಪ್ರಶ್ನೆಗೆ ನಾನು ಉತ್ತರ ಬರೆಯಲಿಲ್ಲ, ನೀನು ಬರೆಯಬೇಕೆಂದು ಕಾನೂನಿಲ್ಲ. ಆದರೂ ಬೇಡ ಎಂದಾದರೂ ಬರೆ. ಬೇಡ ಎಂದು ಬರೆದಿದ್ದರೂ ಸಾಕಿತ್ತು ಎಂದು ನೀನೇ ಹೇಳಿದ್ದೀಯ.

ಶಿವರಾತ್ರಿ ಮಾರ್ಚಿ ನಾಲ್ಕಕ್ಕೆ. ಎರಡನೇ ತಾರೀಖಿನ ಒಳಗೆ ನಿನ್ನ ಉತ್ತರ ನನ್ನ ಕೈ ಸೇರಬೇಕು.

ಕರಿಬಸಪ್ಪ